ಡ್ರೋನ್ ಸರ್ವೆ: ‘ಫಿಕ್ಸ್’ ಅಂದ ಮಾತ್ರಕ್ಕೆ ನಂಬಬಹುದೇ?

ಕೊಡಗಿನ ತೋಟ, ಗದ್ದೆ, ಬರೆಗಳ (ಕಡಿದಾದ ಮಣ್ಣಿನ ಇಳಿಜಾರುಗಳ) ಡ್ರೋನ್ ಸರ್ವೆ ಕುರಿತ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನಕ್ಷೆ ತಪ್ಪಿದೆ ಎಂದು ಬರೆದವರಲ್ಲಿ ಹೆಚ್ಚಿನವರು ಕ್ಯಾಮೆರಾವನ್ನೋ ಸಾಫ್ಟ್‌ವೇರನ್ನೋ ದೂರಿದ್ದಾರೆ. ಕಳಿಸಿದ ವಿವರ ನೋಡಿದರೆ ತಪ್ಪು ಕೂತಿರುವುದು ಟ್ರಾಜೆಕ್ಟರಿಯಲ್ಲಿ, ಅಂದರೆ ಡ್ರೋನ್ ಯಾವ ಕ್ಷಣದಲ್ಲಿ ಎಲ್ಲಿತ್ತು, ಯಾವ ಕಡೆ ವಾಲಿತ್ತು ಎಂಬ ದಾಖಲೆಯಲ್ಲಿ. ಪಿಪಿಕೆ ಎಂದರೆ ನೆಲದ ಮೇಲಿಟ್ಟ ಇನ್ನೊಂದು ಜಿಪಿಎಸ್ ರಿಸೀವರಿನ (ಬೇಸ್ ಸ್ಟೇಷನ್) ದಾಖಲೆ ಜೊತೆ ಹೋಲಿಸಿ, ಹಾರಾಟ ಮುಗಿದ ಮೇಲೆ ಡ್ರೋನಿನ ಸ್ಥಾನವನ್ನು ಸೆಂ.ಮೀ. ಮಟ್ಟಕ್ಕೆ ಲೆಕ್ಕ ಹಾಕುವ ವಿಧಾನ. ಆ ಲೆಕ್ಕ ಖಚಿತವಾಗಿ ಕೂತಿತು ಎಂದು ಸಾಫ್ಟ್‌ವೇರ್ ಹೇಳುವುದೇ ‘ಫಿಕ್ಸ್’, ಅರೆಬರೆ ಕೂತರೆ ‘ಫ್ಲೋಟ್’.

ಪ್ರಶ್ನೆ: ಸೋಮವಾರಪೇಟೆ ಬಳಿಯ ಕಾಫಿ ತೋಟವನ್ನು ಪಿಪಿಕೆ ಡ್ರೋನಿನಿಂದ ಸರ್ವೆ ಮಾಡಿಸಿದೆವು. ವರದಿಯಲ್ಲಿ ಶೇ. 97 ಫಿಕ್ಸ್ ಎಂದಿದೆ. ಆದರೂ ತೋಟದ ಒಂದು ಮೂಲೆಯಲ್ಲಿ ಎತ್ತರ ಕಾಲು ಮೀಟರ್ ವ್ಯತ್ಯಾಸ ಬರುತ್ತಿದೆ. ಇದು ಹೇಗೆ?

ಶೇ. 97 ಎಂಬ ಅಂಕಿಯಿಂದ ಉಳಿದ ಶೇ. 3 ಎಲ್ಲಿ ಬಿದ್ದಿದೆ ಎಂದು ತಿಳಿಯುವುದಿಲ್ಲ. ಫಿಕ್ಸ್ ಆದದ್ದೆಲ್ಲ ಸರಿಯಾದ ಫಿಕ್ಸ್ ಎಂದೂ ಅರ್ಥವಲ್ಲ. ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು.

ಪಿಪಿಕೆ ಲೆಕ್ಕದ ಫಲಿತಾಂಶದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಿರಿ. ಆರ್‌ಟಿಕೆಲಿಬ್ ಎಂಬ ಸಾಫ್ಟ್‌ವೇರ್ ಬಳಸಿದ್ದರೆ ಅದು ‘ಪಿಓಎಸ್’ ಫೈಲ್. ಅದರ ‘ಕ್ಯೂ’ ಕಾಲಂನಲ್ಲಿ 1 ಇದ್ದರೆ ಫಿಕ್ಸ್, 2 ಇದ್ದರೆ ಫ್ಲೋಟ್, 5 ಇದ್ದರೆ ಬರೀ ಸಿಂಗಲ್. ಸಿಂಗಲ್ ಎಂದರೆ ಮೊಬೈಲಿನ ಜಿಪಿಎಸ್ ಮಟ್ಟದ ನಿಖರತೆ. ಡಿಜೆಐ ಡ್ರೋನ್ ಪ್ರತಿ ಫೋಟೊದ ಸಮಯ, ಸ್ಥಾನ ಬರೆದಿಡುವ ‘ಎಂಆರ್‌ಕೆ’ ಫೈಲಿನಲ್ಲಿ ಇದೇ ವಿಷಯ 50, 34, 16 ಎಂಬ ಅಂಕಿಗಳಲ್ಲಿರುತ್ತದೆ: 50 ಫಿಕ್ಸ್, 34 ಫ್ಲೋಟ್, 16 ಸಿಂಗಲ್. ಆದರೆ ಇದು ಹಾರುವಾಗಿನ ಸ್ಥಿತಿ, ಪಿಪಿಕೆ ಲೆಕ್ಕದ ನಂತರದ್ದಲ್ಲ. ಈ ಎರಡನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವವರು ಬಹಳ ಮಂದಿ.

ಈಗ 2 ಮತ್ತು 5 ಬಂದ ಸಾಲುಗಳನ್ನು ಮಾತ್ರ ಸೋಸಿ ನಕ್ಷೆಯ ಮೇಲೆ ಬಿಡಿಸಿ. ಅವು ಡ್ರೋನ್ ತಿರುಗುವ ಜಾಗದಲ್ಲಿದ್ದರೆ ಚಿಂತೆ ಬೇಡ. ಅಲ್ಲಿ ಡ್ರೋನ್ ವಾಲುತ್ತದೆ, ಉಪಗ್ರಹಗಳ ಸಿಗ್ನಲ್ ಕಡಿಯುತ್ತದೆ, ಮೇಲಾಗಿ ಅಲ್ಲಿ ಬೇಕಾದ ಫೋಟೊ ಇರುವುದಿಲ್ಲ. ಹಾರಾಟದ ಗೆರೆಯ ನಡುವೆ, ಫೋಟೊ ತೆಗೆಯುತ್ತಿರುವ ಕಡೆ ಗುಂಪಾಗಿ ಬಿದ್ದಿದ್ದರೆ ನಿಮ್ಮ ‘ಮೂಲೆ’ ಸಿಕ್ಕಿತು ಎನ್ನಬಹುದು.

ಅಲ್ಲೆಲ್ಲ 1 ಇದ್ದರೆ ಸಂಶಯ ತಪ್ಪು ಫಿಕ್ಸ್ ಮೇಲೆ. ಜಿಪಿಎಸ್‌ನ ಎಲ್1 ಅಲೆಯ ಉದ್ದ ಸುಮಾರು 19 ಸೆಂ.ಮೀ., ಎಲ್2 ಅಲೆಯದು ಸುಮಾರು 24 ಸೆಂ.ಮೀ. ಡ್ರೋನಿಗೂ ಉಪಗ್ರಹಕ್ಕೂ ನಡುವೆ ಇಂಥ ಎಷ್ಟು ಪೂರ್ಣ ಅಲೆಗಳಿವೆ ಎಂದು ಲೆಕ್ಕ ಹಿಡಿಯುವುದೇ ಫಿಕ್ಸ್. ಒಂದೆರಡು ಉಪಗ್ರಹಗಳಿಗೆ ಒಂದು ಅಲೆ ಹೆಚ್ಚುಕಡಿಮೆಯಾದರೂ ಸಾಫ್ಟ್‌ವೇರ್ ಧೈರ್ಯವಾಗಿ 1 ಎಂದೇ ಬರೆಯುತ್ತದೆ, ಎತ್ತರ ಮಾತ್ರ ಇಪ್ಪತ್ತು-ಮೂವತ್ತು ಸೆಂ.ಮೀ. ಜಿಗಿದಿರುತ್ತದೆ. ಎತ್ತರದ ಕಾಲಂ ಅನ್ನು ಸಮಯದ ಎದುರು ಗ್ರಾಫ್ ಮಾಡಿ. ಗಾಳಿಗೆ ಡ್ರೋನ್ ಏರಿಳಿದರೆ ಗೆರೆ ಬಾಗುತ್ತದೆ. ಒಂದು ಸಾಲಿನಲ್ಲಿ 1018.42 ಇದ್ದು, ಸೆಕೆಂಡಿನ ಐದನೇ ಒಂದು ಭಾಗ ಕಳೆದ ಮುಂದಿನ ಸಾಲಿನಲ್ಲಿ 1018.66 ಆಗಿ, ಅಲ್ಲಿಂದ ಮುಂದೆ ಅದೇ ಮಟ್ಟದಲ್ಲಿ ನಿಂತರೆ ಅದು ಗಾಳಿಯಲ್ಲ. ಮೆಟ್ಟಿಲಿನಂಥ ಆ ಜಿಗಿತದ ಆಚೀಚೆ ‘ರೇಶಿಯೋ’ ಕಾಲಂ ನೋಡಿ. ಲೆಕ್ಕದ ಮೊದಲ ಉತ್ತರ ಎರಡನೆಯದಕ್ಕಿಂತ ಎಷ್ಟು ಪಟ್ಟು ಚೆನ್ನಾಗಿ ಹೊಂದುತ್ತದೆ ಎಂಬ ಅಂಕಿ ಅದು. ಸಾಮಾನ್ಯ ಮಿತಿ 3. ಅದರ ಅಂಚಿನಲ್ಲೇ ತೂಗಾಡುತ್ತಿದ್ದರೆ ಆ ಫಿಕ್ಸ್ ದುರ್ಬಲ.

ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಮುಂದು-ಹಿಂದಿನದು. ಅದೇ ಡೇಟಾವನ್ನು ಒಮ್ಮೆ ಶುರುವಿನಿಂದ ಕೊನೆಗೆ, ಇನ್ನೊಮ್ಮೆ ಕೊನೆಯಿಂದ ಶುರುವಿಗೆ ಲೆಕ್ಕ ಮಾಡಿಸಿ, ಎರಡು ಫೈಲ್ ಉಳಿಸಿ, ಒಂದರಿಂದ ಒಂದನ್ನು ಕಳೆಯಿರಿ. ಅಡ್ಡಕ್ಕೆ 3 ಸೆಂ.ಮೀ., ಎತ್ತರಕ್ಕೆ 5 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಎರಡೂ ಸೇರಿಸಿದ ‘ಕಂಬೈನ್ಡ್’ ಫಲಿತಾಂಶ ಒಂದನ್ನೇ ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಸಾಫ್ಟ್‌ವೇರ್ ತಾನೇ ಕೊಡುವ ‘ಸ್ಟ್ಯಾಂಡರ್ಡ್ ಡೀವಿಯೇಶನ್’ ಕಾಲಂಗಳನ್ನು ನಾವು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಪ್ಪು ಫಿಕ್ಸ್ ಆದಾಗಲೂ ಅಲ್ಲಿ 1 ಸೆಂ.ಮೀ. ಎಂದೇ ಬರೆದಿರುತ್ತದೆ.

ಖರ್ಚಿಲ್ಲದ ಇನ್ನೊಂದು ಪರೀಕ್ಷೆ: ಹಾರುವ ಮುಂಚೆ ಡ್ರೋನ್ ಆನ್ ಮಾಡಿ 2 ನಿಮಿಷ ನೆಲದಲ್ಲೇ ಬಿಡಿ, ಇಳಿದ ಮೇಲೂ ಅದೇ ಸಮತಟ್ಟು ಪ್ಯಾಡಿನ ಮೇಲೆ 2 ನಿಮಿಷ ಬಿಡಿ. ಎರಡು ಎತ್ತರಗಳೂ 3 ಸೆಂ.ಮೀ. ಒಳಗೆ ಹೊಂದಬೇಕು. ಹೊಂದದಿದ್ದರೆ ನಡುವೆ ಎಲ್ಲೋ ಕೆಟ್ಟಿದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಸರಿಪಡಿಸಲು ಮೊದಲು ಎಲಿವೇಶನ್ ಮಾಸ್ಕನ್ನು (ದಿಗಂತದಿಂದ ಇಷ್ಟು ಕೋನಕ್ಕಿಂತ ಕೆಳಗಿನ ಉಪಗ್ರಹಗಳನ್ನು ಬಿಡುವ ಮಿತಿ) 15 ಡಿಗ್ರಿಗೆ ಏರಿಸಿ, ಪದೇ ಪದೇ ಸಿಗ್ನಲ್ ಕಡಿದ ಉಪಗ್ರಹಗಳನ್ನು ತೆಗೆದುಹಾಕಿ ಮತ್ತೆ ಲೆಕ್ಕ ಮಾಡಿ. ‘ಫಿಕ್ಸ್ ಆ್ಯಂಡ್ ಹೋಲ್ಡ್’ ಆಯ್ಕೆಯಿದ್ದರೆ ‘ಕಂಟಿನ್ಯುಯಸ್’ ಮಾಡಿ ನೋಡಿ, ಏಕೆಂದರೆ ಹೋಲ್ಡ್ ಒಮ್ಮೆ ಹಿಡಿದ ತಪ್ಪನ್ನು ಬಿಡದೆ ಎಳೆದುಕೊಂಡು ಹೋಗುತ್ತದೆ. ಆಗಲೂ ಆ ತುಂಡು ಸರಿಯಾಗದಿದ್ದರೆ, ಅಲ್ಲಿನ ಫೋಟೊಗಳಿಗೆ ಮಾತ್ರ ನಿಖರತೆಯನ್ನು 2 ಸೆಂ.ಮೀ. ಬದಲು 50 ಸೆಂ.ಮೀ. ಎಂದು, ಫೋಟೊಗಳಿಂದ ನಕ್ಷೆ ಕಟ್ಟುವ ಫೋಟೊಗ್ರಾಮೆಟ್ರಿ ಸಾಫ್ಟ್‌ವೇರಿಗೆ ತಿಳಿಸಿ. ಅಕ್ಕಪಕ್ಕದ ಒಳ್ಳೆಯ ಫೋಟೊಗಳು ಅವನ್ನು ತಕ್ಕ ಜಾಗಕ್ಕೆ ಎಳೆದುಕೊಳ್ಳುತ್ತವೆ. ಕೆಟ್ಟ ತುಂಡು ತೋಟದ ಅಂಚಿನಲ್ಲೇ ಇದ್ದು, ಆಚೆ ಫೋಟೊಗಳೇ ಇಲ್ಲದಿದ್ದರೆ ಈ ಉಪಾಯ ಅಷ್ಟಾಗಿ ನಡೆಯದು. ಆ ಭಾಗವನ್ನು ಮತ್ತೆ ಹಾರಿಸುವುದೇ ಸರಿ.

ಪ್ರಶ್ನೆ: ಬೇಸ್ ಸ್ಟೇಷನ್ ಕುಶಾಲನಗರದ ಮನೆಯ ತಾರಸಿ ಮೇಲಿದೆ. ಅದನ್ನೇ ಇಟ್ಟುಕೊಂಡು ಮಡಿಕೇರಿ ಆಚೆ ಗಾಳಿಬೀಡು ಕಡೆ ಸರ್ವೆ ಮಾಡಬಹುದೇ?

ಬೇಡ. ದೂರವೊಂದೇ ಕಾರಣವಲ್ಲ, ಎತ್ತರದ ಅಂತರವೂ ಕಾರಣ. ಕುಶಾಲನಗರ ಕಾವೇರಿ ದಡದ ತಗ್ಗು ಬಯಲು, ಮಡಿಕೇರಿ ಅದಕ್ಕಿಂತ ಸುಮಾರು 300 ಮೀಟರ್ ಮೇಲೆ. ಆ 300 ಮೀಟರ್ ಗಾಳಿ ಉಪಗ್ರಹದ ಸಿಗ್ನಲನ್ನು ಹತ್ತಿರ ಹತ್ತಿರ 10 ಸೆಂ.ಮೀ. ತಡಮಾಡುತ್ತದೆ. ಸಾಫ್ಟ್‌ವೇರ್ ಮಾದರಿ ಇದರ ಬಹುಪಾಲನ್ನು ಕಳೆಯುತ್ತದೆ ನಿಜ, ಆದರೆ ಕೆಳಗೆ ಬಿಸಿಲು, ಮೇಲೆ ಮಂಜು ಇರುವ ದಿನ ಗಾಳಿಯ ತೇವದ ಲೆಕ್ಕ ತಪ್ಪಿ ಎತ್ತರದಲ್ಲಿ ಕೆಲವು ಸೆಂ.ಮೀ. ಉಳಿದೇಬಿಡುತ್ತದೆ. ಇದು ಫಿಕ್ಸ್ ಕೆಡಿಸುವುದಿಲ್ಲ, ಗ್ರಾಫಿನಲ್ಲಿ ಜಿಗಿತವಾಗಿಯೂ ಕಾಣುವುದಿಲ್ಲ. ಇಡೀ ಸರ್ವೆಯೇ ಮೇಲಕ್ಕೋ ಕೆಳಕ್ಕೋ ಕೂತಿರುತ್ತದೆ.

ದೂರದ ವಿಷಯಕ್ಕೆ ಬಂದರೆ, ಎರಡು ಫ್ರೀಕ್ವೆನ್ಸಿಯ ರಿಸೀವರ್ ಇದ್ದರೂ ಕೊಡಗಿನಲ್ಲಿ 10 ಕಿ.ಮೀ. ಒಳಗಿಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ಭೂಕಾಂತೀಯ ಸಮಭಾಜಕ ತಮಿಳುನಾಡಿನ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ನಮ್ಮ ತಲೆಯ ಮೇಲಿನ ಅಯಾನುಗೋಳ (ಉಪಗ್ರಹದ ಸಿಗ್ನಲ್ ಹಾದುಬರುವ, ವಿದ್ಯುದಾವೇಶವಿರುವ ಮೇಲಿನ ವಾತಾವರಣ) ಯುರೋಪಿನದರಂತೆ ಶಾಂತವಲ್ಲ. ಮಧ್ಯಾಹ್ನ 1ರಿಂದ 4ರವರೆಗೆ ಅದರ ಒತ್ತು ಹೆಚ್ಚು, ಸೂರ್ಯ ಮುಳುಗಿದ ಮೇಲಂತೂ ಸಿಗ್ನಲ್ ಮಿಣುಕತೊಡಗುತ್ತದೆ. ತಯಾರಕರ ಕೈಪಿಡಿಯ ‘30 ಕಿ.ಮೀ.’ಯನ್ನು ಇಲ್ಲಿಗೆ ತಂದು ಅಂಟಿಸಬೇಡಿ. ಮಂಜು ಕರಗಿದ ಮೇಲೆ, ಬೆಳಗ್ಗೆ 10ರಿಂದ 12ರ ಹೊತ್ತು ಎಲ್ಲ ರೀತಿಯಿಂದಲೂ ಒಳ್ಳೆಯದು. ಆಗ ಮರಗಳ ನೆರಳೂ ಚಿಕ್ಕದು.

ಬೇಸನ್ನು ಸರ್ವೆ ಜಾಗದಲ್ಲೇ ಇಡಿ. ಸಿಲ್ವರ್ ಓಕ್, ಹಲಸಿನ ಕೆಳಗಲ್ಲ. ತಗಡಿನ ಮಾಡಿನ ಪಕ್ಕದಲ್ಲೂ ಅಲ್ಲ, ಅಲ್ಲಿಂದ ಸಿಗ್ನಲ್ ಪುಟಿದು ಬರುತ್ತದೆ. ಗದ್ದೆ ಬಯಲು, ಶಾಲೆ ಮೈದಾನ ಒಳ್ಳೆಯದು. ಡ್ರೋನ್ ಏರುವ 15 ನಿಮಿಷ ಮೊದಲು ಶುರು ಮಾಡಿ, ಇಳಿದ 15 ನಿಮಿಷದ ನಂತರ ನಿಲ್ಲಿಸಿ, ಸೆಕೆಂಡಿಗೆ ಒಂದು ದಾಖಲೆಯಾದರೂ ಇರಲಿ. ಬೇಸಿನ ಸ್ಥಾನಕ್ಕೆ ರಿಸೀವರ್ ತಾನೇ ಹಾಕಿಕೊಂಡ ಸರಾಸರಿಯನ್ನು ನಂಬಿದರೆ ಇಡೀ ನಕ್ಷೆ ಒಂದೆರಡು ಮೀಟರ್ ಸರಿಯುತ್ತದೆ. ಹಾಗಿದ್ದೂ ಫಿಕ್ಸ್ ಶೇ. 100 ಬರಬಹುದು! ಕನಿಷ್ಠ 2 ಗಂಟೆಯ ದಾಖಲೆಯನ್ನು ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲದ (ಸದಾ ಓಡುವ ಶಾಶ್ವತ ಬೇಸ್ ಸ್ಟೇಷನ್ನುಗಳ ಜಾಲ) ಹತ್ತಿರದ ಸ್ಟೇಷನ್ ಡೇಟಾ ಜೊತೆ ಸೇರಿಸಿ ಸ್ಥಾನ ಲೆಕ್ಕ ಮಾಡಿ. ಕಾರ್ಸ್ ಸ್ಟೇಷನ್ ದೂರವಿದ್ದರೂ ನಿಂತ ಬೇಸಿಗೆ ಅದು ಸಾಕಾಗುತ್ತದೆ, ಹಾರುವ ಡ್ರೋನಿಗೆ ಸಾಲದು.

ಆಂಟೆನಾ ಎತ್ತರ ಬರೆದುಕೊಳ್ಳುವಾಗ ನೇರ ಎತ್ತರವೋ ಓರೆ ಎತ್ತರವೋ, ತಳದವರೆಗೋ, ಸಿಗ್ನಲ್ ನಿಜವಾಗಿ ಹಿಡಿಯುವ ಬಿಂದುವಾದ ಫೇಸ್ ಸೆಂಟರ್‌ವರೆಗೋ ಎಂದೂ ಬರೆಯಿರಿ. ಟೇಪ್ ಕಾಣುವಂತೆ ಒಂದು ಫೋಟೊ ತೆಗೆದಿಟ್ಟರೆ ಆರು ತಿಂಗಳ ನಂತರ ವಾದವೇ ಬರುವುದಿಲ್ಲ.

ಪ್ರಶ್ನೆ: ಭಾಗಮಂಡಲದ ನಮ್ಮ ನಕ್ಷೆಯಲ್ಲಿ ಎಲ್ಲ ಎತ್ತರಗಳೂ ಗೂಗಲ್ ಅರ್ಥ್‌ಗಿಂತ 80 ಮೀಟರಿಗಿಂತಲೂ ಹೆಚ್ಚು ಕೆಳಗೆ ಬಂದಿವೆ. ಡೇಟಾ ಎಸೆಯುವುದೇ?

ಎಸೆಯಬೇಡಿ, ಟ್ರಾಜೆಕ್ಟರಿ ಚೆನ್ನಾಗಿಯೇ ಇದೆ. ನಿಮ್ಮದು ಭೂಮಿಯ ಗಣಿತದ ಆಕಾರವಾದ ಡಬ್ಲ್ಯುಜಿಎಸ್ 84 ಎಲಿಪ್ಸಾಯ್ಡ್‌ನಿಂದ ಅಳೆದ ಎತ್ತರ, ಅಲ್ಲಿರುವುದು ಸಮುದ್ರಮಟ್ಟದಿಂದ. ದಕ್ಷಿಣ ಭಾರತದಲ್ಲಿ ಜಿಯಾಯ್ಡ್ (ಸಮುದ್ರಮಟ್ಟದ ಮೇಲ್ಮೈ) ಎಲಿಪ್ಸಾಯ್ಡ್‌ಗಿಂತ ಇಷ್ಟು ಕೆಳಗಿರುವುದು ಸಹಜ. ಇಜಿಎಂ2008 ಎಂಬ ಜಿಯಾಯ್ಡ್ ಮಾದರಿಯಿಂದ ಒಮ್ಮೆ, ಒಂದೇ ಒಂದು ಸಲ, ಪರಿವರ್ತಿಸಿ. ಪಿಪಿಕೆ ಹಂತದಲ್ಲೊಮ್ಮೆ, ನಕ್ಷೆಯ ಹಂತದಲ್ಲೊಮ್ಮೆ ಮಾಡಿ ತಪ್ಪು ಮಾಡಿಕೊಳ್ಳುವವರಿದ್ದಾರೆ. ನಕ್ಷೆಯ ನಿರ್ದೇಶಾಂಕಗಳ ಯುಟಿಎಂ ವಲಯ ಕೊಡಗಿಗೆ 43 ಉತ್ತರ.

ಪ್ರಶ್ನೆ: ಪಿಪಿಕೆ ಸ್ಥಾನಗಳನ್ನು ಫೋಟೊಗಳಿಗೆ ಹಾಕಿದರೆ ಪ್ರತಿ ಫೋಟೊವೂ ಹಾರುವ ದಿಕ್ಕಿನಲ್ಲಿ ಮುಂದಕ್ಕೋ ಹಿಂದಕ್ಕೋ ಸರಿದಂತಿದೆ. ಒಂದು ಗೆರೆಯಲ್ಲಿ ಉತ್ತರಕ್ಕೆ, ಪಕ್ಕದ ಗೆರೆಯಲ್ಲಿ ದಕ್ಷಿಣಕ್ಕೆ. (ವಿರಾಜಪೇಟೆ)

ದಿಕ್ಕು ಬದಲಾದಂತೆ ತಪ್ಪೂ ತಿರುಗುತ್ತದೆ ಎಂದ ಮೇಲೆ ಅದು ಡ್ರೋನಿಗೆ ಅಂಟಿಕೊಂಡ ತಪ್ಪು. ಎಷ್ಟು ಸರಿದಿದೆ ಎಂಬುದರ ಮೇಲೆ ಮೂರು ದಾರಿ.

ಹತ್ತಾರು ಮೀಟರ್ ಆದರೆ ಸಮಯದ ತಪ್ಪು. ಜಿಪಿಎಸ್ ಸಮಯ ವಿಶ್ವದ ಪ್ರಮಾಣಿತ ಸಮಯವಾದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ, 2017ರ ಜನವರಿಯಿಂದ ಹೀಗೇ ಇದೆ. ಫೋಟೊದ ಸಮಯ ಒಂದರಲ್ಲಿ, ಟ್ರಾಜೆಕ್ಟರಿ ಇನ್ನೊಂದರಲ್ಲಿ ಇದ್ದರೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ 90 ಮೀಟರ್ ಸರಿಯುತ್ತದೆ. ಸರಿಯಾಗಿ ಒಂದು ಫೋಟೊ ಅಂತರದಷ್ಟೇ ಸರಿದಿದ್ದರೆ ಎಂಆರ್‌ಕೆ ಸಾಲುಗಳ ಎಣಿಕೆಯನ್ನೂ ಫೋಟೊಗಳ ಎಣಿಕೆಯನ್ನೂ ಹೋಲಿಸಿ. ನೆಲದಲ್ಲಿ ಪರೀಕ್ಷೆಗೆಂದು ತೆಗೆದ ಫೋಟೊವನ್ನು ಅಳಿಸಿದರೆ ಸಾಕು, ಉಳಿದವೆಲ್ಲ ಒಂದೊಂದು ಸ್ಥಾನ ಜಾರುತ್ತವೆ.

ಹತ್ತಿಪ್ಪತ್ತು ಸೆಂ.ಮೀ. ಆದರೆ ಆಂಟೆನಾದಿಂದ ಕ್ಯಾಮೆರಾವರೆಗಿನ ಅಳತೆಯ, ಅಂದರೆ ಲಿವರ್ ಆರ್ಮ್‌ನ, ಪ್ಲಸ್-ಮೈನಸ್ ತಿರುಗಿರಬಹುದು. 10 ಸೆಂ.ಮೀ. ಮುಂದಿರುವುದನ್ನು ಹಿಂದೆ ಎಂದು ಬರೆದರೆ ಪ್ರತಿ ಗೆರೆ 20 ಸೆಂ.ಮೀ. ಸರಿದು, ಎದುರುಬದುರು ಗೆರೆಗಳ ನಡುವೆ 40 ಸೆಂ.ಮೀ. ಕಾಣುತ್ತದೆ. ಇಲ್ಲವೇ ಶಟರ್ ಹೊತ್ತಿಗೂ ದಾಖಲಾದ ಹೊತ್ತಿಗೂ ಕೆಲವು ಮಿಲಿಸೆಕೆಂಡ್ ಅಂತರ. ಯಾವುದೆಂದು ತಿಳಿಯಲು ಒಂದೇ ಗೆರೆಯನ್ನು ಸೆಕೆಂಡಿಗೆ 4 ಮೀಟರಿನಂತೆ ಒಮ್ಮೆ, 8 ಮೀಟರಿನಂತೆ ಒಮ್ಮೆ ಹಾರಿಸಿ. ತಪ್ಪು ಇಮ್ಮಡಿಯಾದರೆ ಸಮಯದ್ದು, ಇದ್ದಷ್ಟೇ ಇದ್ದರೆ ಲಿವರ್ ಆರ್ಮ್‌ನದು.

ಪ್ರಶ್ನೆ: ಗುಡ್ಡದ ನೆತ್ತಿಯಲ್ಲಿ ಮಾತ್ರ ನಕ್ಷೆಯಲ್ಲಿ ತೂತು ಬಿದ್ದಿದೆ. ಓವರ್‌ಲ್ಯಾಪ್ 80ಕ್ಕೆ 70 ಇಟ್ಟಿದ್ದೆವು.

ಆ 80, 70 (ಒಂದು ಫೋಟೊ ಮುಂದಿನ ಫೋಟೊವನ್ನು ಶೇ. 80, ಪಕ್ಕದ ಗೆರೆಯದನ್ನು ಶೇ. 70 ಹೊದೆಯುವುದು) ಹೊರಟ ಜಾಗದ ಮಟ್ಟಕ್ಕೆ ಮಾತ್ರ. ಲೆಕ್ಕ ಮಾಡಿ ನೋಡಿ. 100 ಮೀಟರ್ ಎತ್ತರದಿಂದ ಒಂದು ಫೋಟೊ 150 ಮೀಟರ್ ಅಗಲ, 100 ಮೀಟರ್ ಉದ್ದದ ನೆಲ ಹಿಡಿಯುತ್ತದೆ ಎನ್ನಿ. ಆಗ ಫೋಟೊಗಳ ಅಂತರ 20 ಮೀಟರ್, ಗೆರೆಗಳ ಅಂತರ 45 ಮೀಟರ್. ನೆತ್ತಿ ಹೊರಟ ಜಾಗಕ್ಕಿಂತ 50 ಮೀಟರ್ ಮೇಲಿದ್ದರೆ ಅಲ್ಲಿ ಫೋಟೊ ಹಿಡಿಯುವುದು 75ಕ್ಕೆ 50 ಮೀಟರ್, ಓವರ್‌ಲ್ಯಾಪ್ 60ಕ್ಕೆ 40. ಅಲ್ಲಿ 25 ಮೀಟರಿನ ಸಿಲ್ವರ್ ಓಕ್ ಇದ್ದರೆ ಮರದ ತುದಿಗೆ ಡ್ರೋನ್ ಬರೀ 25 ಮೀಟರ್ ಮೇಲೆ. ಫೋಟೊದ ಅಗಲ 37.5 ಮೀಟರಿಗೆ ಇಳಿಯಿತು, ಗೆರೆಗಳ ಅಂತರ 45. ತೂತು ಬೀಳದೆ ಇನ್ನೇನು?

ಪ್ರತಿ ಫೋಟೊದ ಎತ್ತರದಿಂದ ಭೂಮೇಲ್ಮೈ ಮಾದರಿಯ ಎತ್ತರ ಕಳೆದು ಒಂದು ಕಾಲಂ ಮಾಡಿಕೊಂಡರೆ ಇದು ಆಫೀಸಿಗೆ ಮರಳುವ ಮುನ್ನವೇ ಕಾಣುತ್ತದೆ. ಎರಡೂ ಎತ್ತರಗಳು ಒಂದೇ ಆಧಾರದವು ಎಂದು ಖಾತ್ರಿ ಮಾಡಿಕೊಳ್ಳಿ, ಮೇಲಿನ ಭಾಗಮಂಡಲದ ಉತ್ತರ ನೋಡಿ. ಅದೇ ಕಾಲಂ ಇನ್ನೊಂದು ಕೆಲಸಕ್ಕೂ ಬರುತ್ತದೆ: ನೆತ್ತಿಯಿಂದ ಹೊರಟು ಕಣಿವೆಯ ಮೇಲೆ ಹೋದರೆ ನೆಲದಿಂದ ಎತ್ತರ 120 ಮೀಟರ್ ದಾಟಿರುತ್ತದೆ. ಡ್ರೋನ್ ನಿಯಮ 2021ರ ಪ್ರಕಾರ ಹಸಿರು ವಲಯದ ಮಿತಿ ಅಷ್ಟೇ.

ಪ್ರಶ್ನೆ: ಲೈಡಾರ್ (ಲೇಸರ್ ಬೆಳಕಿನಿಂದ ಅಳೆದ) ಡೇಟಾದಲ್ಲಿ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಹೆಂಚಿನ ಮಾಡು ಎರಡೆರಡಾಗಿ ಕಾಣುತ್ತದೆ. ಏಜೆನ್ಸಿಯವರು ‘ಸ್ಟ್ರಿಪ್ ಅಡ್ಜಸ್ಟ್ ಮಾಡಿದರೆ ಸರಿಹೋಗುತ್ತದೆ’ ಅನ್ನುತ್ತಾರೆ.

ಕಣ್ಣಿಗೆ ಸರಿಹೋಗುತ್ತದೆ. ಕಾರಣ ಹುಡುಕದೆ ಎಳೆದು ಕೂಡಿಸಿದರೆ ಎರಡು ತಪ್ಪು ಪಟ್ಟಿಗಳ (ಡ್ರೋನ್ ಒಂದೊಂದು ಸಲ ಹಾದಾಗ ಅಳೆದ ‘ಸ್ಟ್ರಿಪ್’ಗಳ) ನಡುವೆ ಮೂರನೆಯ ತಪ್ಪು ಜಾಗದಲ್ಲಿ ಮಾಡು ನಿಲ್ಲುತ್ತದೆ.

ಫೋಟೊದಲ್ಲಿ ಬರೀ ಸ್ಥಾನ ಸಾಕು, ಲೈಡಾರಿಗೆ ವಾಲಿಕೆಯೂ ಸರಿಯಿರಬೇಕು. 100 ಮೀಟರ್ ಎತ್ತರದಲ್ಲಿ 0.05 ಡಿಗ್ರಿ ತಪ್ಪಿದರೆ ಬಿಂದು ನೆಲದಲ್ಲಿ ಸುಮಾರು 9 ಸೆಂ.ಮೀ. ಸರಿಯುತ್ತದೆ. ಅಷ್ಟೇ ರೋಲ್ (ಎಡಬಲ ವಾಲಿಕೆ) ತಪ್ಪಿಗೆ ಪಟ್ಟಿಯ ಅಂಚಿನಲ್ಲಿ, ನಡುವಿನಿಂದ 40 ಮೀಟರ್ ಆಚೆ, ಎತ್ತರ 3.5 ಸೆಂ.ಮೀ. ಕೆಡುತ್ತದೆ. ಎದುರು ಬಂದ ಪಟ್ಟಿಯಲ್ಲಿ ಅದು ತಿರುಗಾಮುರುಗಾ, ಹಾಗಾಗಿ ಅಂತರ 7 ಸೆಂ.ಮೀ.

ಎರಡು ಇಳಿಜಾರಿನ ಒಂದು ಮಾಡನ್ನೂ ಒಂದು ಕಾಫಿ ಕಣವನ್ನೂ ಆರಿಸಿಕೊಂಡು, ಬಿಂದುಗಳಿಗೆ ಪಟ್ಟಿವಾರು ಬಣ್ಣ ಕೊಟ್ಟು ಅಡ್ಡಸೀಳಿ ನೋಡಿ. ಕಣ ಎತ್ತರದ ತಪ್ಪನ್ನು, ಮಾಡಿನ ಕೋಡು ಅಡ್ಡದ ತಪ್ಪನ್ನು ತೋರಿಸುತ್ತದೆ. ಎಲ್ಲ ಪಟ್ಟಿಗಳಲ್ಲೂ ಒಂದೇ ಪ್ರಮಾಣದ ತಪ್ಪಿದ್ದು, ದಿಕ್ಕಿನ ಜೊತೆ ತಿರುಗಿದರೆ ಅದು ಬೋರ್‌ಸೈಟ್, ಅಂದರೆ ಸ್ಕ್ಯಾನರಿಗೂ, ವಾಲಿಕೆ ಅಳೆಯುವ ಐಎಂಯುಗೂ ನಡುವಿನ ಕೋನ. ಒಮ್ಮೆ ಸರಿಯಾಗಿ ಲೆಕ್ಕ ಹಾಕಿದರೆ ಎಲ್ಲದಕ್ಕೂ ಅನ್ವಯಿಸುತ್ತದೆ. ಒಂದೇ ಪಟ್ಟಿ, ಅಥವಾ ಪಟ್ಟಿಯ ಅರ್ಧ ಮಾತ್ರ ಕೆಟ್ಟಿದ್ದರೆ ಟ್ರಾಜೆಕ್ಟರಿ. ಆಗ ಆ ಹೊತ್ತಿನ ಮುಂದು-ಹಿಂದಿನ ವ್ಯತ್ಯಾಸವನ್ನೂ ಹೆಡಿಂಗ್ (ಡ್ರೋನ್ ಮುಖಮಾಡಿದ ದಿಕ್ಕು) ಗ್ರಾಫನ್ನೂ ತರಿಸಿಕೊಳ್ಳಿ.

ಒಂದೇ ಆಂಟೆನಾದ ಡ್ರೋನಿನಲ್ಲಿ ಹೆಡಿಂಗ್ ಬೇಗ ಹಾಳಾಗುತ್ತದೆ. ವೇಗ, ದಿಕ್ಕು ಬದಲಾದಾಗ ಮಾತ್ರ ಐಎಂಯುಗೆ ತಾನು ಯಾವ ಕಡೆ ಮುಖಮಾಡಿದ್ದೇನೆ ಎಂಬುದು ಖಚಿತವಾಗುತ್ತದೆ. ಬಹಳ ಹೊತ್ತು ನೇರ ಹೋದರೆ ಅಂದಾಜು ಜಾರುತ್ತದೆ. ಆದ್ದರಿಂದ ಏರಿದ ಕೂಡಲೇ, ಇಳಿಯುವ ಮುನ್ನ ಎಂಟರ ಆಕಾರದಲ್ಲಿ ಒಂದೆರಡು ಸುತ್ತು ಹಾಕಬೇಕು. ಬ್ಯಾಟರಿ ಬದಲಿಸಿ ಮತ್ತೆ ಏರಿದರೆ ಮತ್ತೆ ಎಂಟು. ಹೊತ್ತು ಉಳಿಸಲು ಎರಡನೇ ಬ್ಯಾಟರಿಯಿಂದ ಇದನ್ನು ಬಿಟ್ಟುಬಿಡುವುದು ಸಾಮಾನ್ಯ. ಮೊದಲ ಹಾರಾಟ ಚೆನ್ನಾಗಿದ್ದು ಮುಂದಿನವು ಕೆಟ್ಟಿದ್ದರೆ ಮೊದಲು ಇದನ್ನೇ ಕೇಳಿ.

ಪ್ರಶ್ನೆ: 2018ರ ಭೂಕುಸಿತದ ನಂತರ ಮನೆ ಹಿಂದಿನ ಬರೆಯ ಮೇಲೆ ಕಣ್ಣಿಟ್ಟಿದ್ದೇವೆ. ಮಳೆಗೆ ಮುಂಚಿನ ಸರ್ವೆಗೂ ನಂತರದ್ದಕ್ಕೂ 12 ಸೆಂ.ಮೀ. ಇಳಿತ ತೋರಿಸುತ್ತಿದೆ. ಬರೆ ಜಾರುತ್ತಿದೆಯೇ? (ಮಕ್ಕಂದೂರು)

ಸರ್ವೆಗಳಿಂದ ಮಾತ್ರ ಹೌದೆನ್ನಲಾಗದು. ಒಂದೊಂದು ಸರ್ವೆಯ ಎತ್ತರದಲ್ಲಿ 5 ಸೆಂ.ಮೀ. ಅನಿಶ್ಚಿತತೆ ಇದ್ದರೆ ಎರಡರ ವ್ಯತ್ಯಾಸದಲ್ಲಿ 7 ಸೆಂ.ಮೀ. ಶೇ. 95 ಭರವಸೆ ಬೇಕೆಂದರೆ ಸುಮಾರು 14 ಸೆಂ.ಮೀ. ದಾಟಬೇಕು. 12 ಅದರೊಳಗೇ ಇದೆ.

ಕದಲದ ಜಾಗಗಳಲ್ಲಿ ಅದೇ ಕಳೆಯುವ ಲೆಕ್ಕ ಮಾಡಿ: ಡಾಂಬರು ರಸ್ತೆ, ಕಾಂಕ್ರೀಟ್ ಮೋರಿ, ಕಣ. ಅಲ್ಲೂ 10 ಸೆಂ.ಮೀ. ಇಳಿತ ಬಂದರೆ ಟ್ರಾಜೆಕ್ಟರಿಯೋ ಬೇಸ್ ಎತ್ತರವೋ ಕೆಟ್ಟಿದೆ. ರಸ್ತೆ ಸೊನ್ನೆ ತೋರಿಸಿ ಬರೆ ಮಾತ್ರ 12 ಇಳಿದಿದ್ದರೆ ಮಾತು ಬೇರೆ, ಕಡೆಗಣಿಸಬೇಡಿ. ಮಳೆಗಾಲದ ನಂತರ ಹುಲ್ಲು, ಕುರುಚಲು ಬೆಳೆದು ಮೇಲ್ಮೈ ಏರಿರಬೇಕಾದ ಕಡೆಯೂ ಇಳಿತ ಕಂಡರೆ ಇನ್ನೂ ಗಂಭೀರ. ಬೇಸನ್ನು ಆ ಬರೆಯ ಮೇಲೆಯೇ ಇಟ್ಟಿದ್ದರೆ ಬೇಸೂ ಜೊತೆಗೇ ಜಾರಿ, ಜಾರಿಕೆ ಲೆಕ್ಕದಲ್ಲಿ ಮಾಯವಾಗುತ್ತದೆ. ಎದುರು ದಿಣ್ಣೆಯ ಬಂಡೆಯಲ್ಲಿ ಗುರುತು ಕೊರೆದು ಪ್ರತಿ ಸಲ ಅದೇ ಗುರುತಿನ ಮೇಲೆ ನಿಲ್ಲಿಸಿ.

ಇದೆಲ್ಲ ಲೆಕ್ಕದ ಮಾತು. ಬರೆಯ ನೆತ್ತಿಯಲ್ಲಿ ಹೊಸ ಬಿರುಕು, ಓರೆಯಾದ ಮರ, ಕೆಳಗೆ ಹೊಸದಾಗಿ ಒಸರುವ ಕೆಸರು ನೀರು ಕಂಡರೆ ಸರ್ವೆಗೆ ಕಾಯದೆ ಮನೆ ಬಿಟ್ಟು ಜಿಲ್ಲಾಡಳಿತಕ್ಕೆ ತಿಳಿಸಿ.

ಪ್ರಶ್ನೆ: ಗುತ್ತಿಗೆದಾರರಿಂದ ನಕ್ಷೆಯ ಜೊತೆ ಇನ್ನೇನು ಪಡೆಯಬೇಕು? (ಪೊನ್ನಂಪೇಟೆ)

ಡ್ರೋನಿನ ಮೂಲ ದಾಖಲೆ, ಬೇಸಿನ ರೈನೆಕ್ಸ್ ಫೈಲ್ (ಯಾವ ಸಾಫ್ಟ್‌ವೇರೂ ಓದಬಲ್ಲ ರೂಪದ ದಾಖಲೆ), ಬೇಸಿನ ಸ್ಥಾನ ಮತ್ತು ಅದನ್ನು ಪಡೆದ ಬಗೆ, ಆಂಟೆನಾ ಮಾದರಿ ಮತ್ತು ಎತ್ತರ, ಲಿವರ್ ಆರ್ಮ್ ಅಂಕಿಗಳು, ಲೆಕ್ಕ ಮಾಡಿದ ಟ್ರಾಜೆಕ್ಟರಿ, ಎತ್ತರ ಯಾವ ಆಧಾರದ್ದು ಎಂಬ ಒಂದು ಸಾಲು. ಕೆಲಸ ಒಪ್ಪಿಸುವ ಮೊದಲೇ ಬರವಣಿಗೆಯಲ್ಲಿ ಹಾಕಿ, ಆಮೇಲೆ ಕೇಳಿದರೆ ‘ಅಳಿಸಿಹೋಯ್ತು’ ಎಂಬ ಉತ್ತರ ಸಿಗುತ್ತದೆ. ಜೊತೆಗೆ ನಕ್ಷೆಯನ್ನು ತಾಳೆ ನೋಡಲು ಐದಾರು ಚೆಕ್‌ಪಾಯಿಂಟ್‌ಗಳನ್ನು ನೀವೇ ಬೇರೆಯವರಿಂದ ಅಳೆಸಿ, ಅಂಕಿಗಳನ್ನು ಗುತ್ತಿಗೆದಾರರಿಗೆ ಕೊಡದೆ ಇಟ್ಟುಕೊಳ್ಳಿ. ಕಣದ ಮೂಲೆ, ರಸ್ತೆ ತಿರುವು, ಗದ್ದೆ ಬದು, ತೋಟದ ಗೇಟು, ಹೀಗೆ ತಗ್ಗಿನಲ್ಲೂ ಎತ್ತರದಲ್ಲೂ ಹಂಚಿರಲಿ. ಅರ್ಧ ಮೀಟರಿನ ಕಪ್ಪು-ಬಿಳಿ ಚೌಕ ಬಳಿದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ನೆರಳಿನ ಮರ ಎಣಿಸಲು, ಒಣಗಿದ ಕಾಳುಮೆಣಸಿನ ಬಳ್ಳಿ ಗುರುತಿಸಲು ಇಷ್ಟೆಲ್ಲ ಬೇಕೇ?

ಬೇಕಿಲ್ಲ. ಮಾಮೂಲಿ ಜಿಪಿಎಸ್ ಸಾಕು. ಓವರ್‌ಲ್ಯಾಪ್ ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ಪಿಪಿಕೆ ಬಿಟ್ಟು ಮೊಬೈಲ್ ನೆಟ್‌ವರ್ಕ್ ಮೂಲಕ ಆರ್‌ಟಿಕೆ ಬಳಸಿದರೆ ಈ ತಲೆನೋವು ತಪ್ಪುತ್ತದೆಯೇ?

ಆರ್‌ಟಿಕೆಯಲ್ಲಿ ಬೇಸಿನ ತಿದ್ದುಪಡಿ ಹಾರುವಾಗಲೇ ಡ್ರೋನಿಗೆ ತಲುಪಬೇಕು. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕಡಿದಾಗ ಅದು ನಿಲ್ಲುತ್ತದೆ, ಡ್ರೋನ್ ಹಾರುತ್ತಲೇ ಇರುತ್ತದೆ. ಆರ್‌ಟಿಕೆ ಬಳಸಿ, ಆದರೆ ಮೂಲ ದಾಖಲೆ ಉಳಿಸುವ ಆಯ್ಕೆ ಆನ್ ಇರಲಿ, ಪಕ್ಕದಲ್ಲೊಂದು ಬೇಸೂ ಓಡುತ್ತಿರಲಿ. ಸಿಗ್ನಲ್ ಕಡಿದ ತುಂಡನ್ನು ಸಂಜೆ ಪಿಪಿಕೆಯಲ್ಲಿ ತುಂಬಿಕೊಳ್ಳಬಹುದು. ಎರಡೂ ದಾರಿಯ ಸ್ಥಾನಗಳನ್ನು ಕಳೆದು ನೋಡಲು ಒಂದು ಅವಕಾಶವೂ ಸಿಕ್ಕಂತಾಯಿತು. ಬೇಸ್ ಬೇರೆ ಬೇರೆಯಾಗಿದ್ದರೆ ಆ ವ್ಯತ್ಯಾಸದಲ್ಲಿ ಬೇಸಿನ ತಪ್ಪೂ ಬಯಲಾಗುತ್ತದೆ.